ಹಗಲು ಕ್ಯಾಶ್ ಕೌಂಟರ್, ರಾತ್ರಿ ಚೌಕಿ

ಪ್ರಶ್ನೆ: ನನಗೆ 34 ವರ್ಷ, ಬಂಟ್ವಾಳ ತಾಲೂಕಿನವನು. ಮಂಗಳೂರಿನಲ್ಲಿ ರಾಷ್ಟ್ರೀಕೃತ ಬ್ಯಾಂಕೊಂದರ ಶಾಖೆಯಲ್ಲಿ ಹತ್ತು ವರ್ಷಗಳಿಂದ ಗುಮಾಸ್ತನಾಗಿದ್ದೇನೆ. ಹೆಚ್ಚಾಗಿ ಕ್ಯಾಶ್ ಕೌಂಟರಿನಲ್ಲಿ ಕೆಲಸ. ದಿನವೂ ಬಿ.ಸಿ.ರೋಡಿನಿಂದ ಬಸ್ಸಿನಲ್ಲಿ ಹೋಗಿಬರುತ್ತೇನೆ. ಹೈಸ್ಕೂಲಿನಲ್ಲಿದ್ದಾಗ ಊರಿನ ಗುರುಗಳಿಂದ ಯಕ್ಷಗಾನದ ತೆಂಕುತಿಟ್ಟಿನ (ತೆಂಕಣ ಶೈಲಿಯ) ಹೆಜ್ಜೆ ಕಲಿತೆ. ಹವ್ಯಾಸಿ ಸಂಘಗಳಲ್ಲಿ ಪುಂಡುವೇಷ, ಅಂದರೆ ಚುರುಕು ಕುಣಿತದ ತರುಣ ವೀರರ ಪಾತ್ರ, ಮಾಡುತ್ತೇನೆ. ಕಳೆದ ವರ್ಷ 40ಕ್ಕೂ ಹೆಚ್ಚು ವೇಷಗಳಾದವು. ವೃತ್ತಿಪರ ಮೇಳವೊಂದರ ಯಜಮಾನರು ಮುಂದಿನ ತಿರುಗಾಟಕ್ಕೆ (ಊರೂರು ಸುತ್ತಿ ಆಡುವ ಋತುವಿಗೆ) ಬರುತ್ತೀರಾ ಎಂದು ಕೇಳಿದ್ದಾರೆ. ಇತ್ತ ಅಧಿಕಾರಿ ಹುದ್ದೆಯ ಬಡ್ತಿ ಪರೀಕ್ಷೆ ಬರೆಯಿರಿ ಎಂದು ಮ್ಯಾನೇಜರ್ ಒತ್ತಾಯಿಸುತ್ತಿದ್ದಾರೆ. ಬಡ್ತಿ ಸಿಕ್ಕರೆ ವರ್ಗಾವಣೆ ತಪ್ಪಿದ್ದಲ್ಲ. ಆರು ವರ್ಷದ ಮಗಳಿದ್ದಾಳೆ. ಹೆಂಡತಿ ಏನೂ ಹೇಳುವುದಿಲ್ಲ. ಈಚೆಗೆ ವೇಷ ಕಳಚಿ ಮನೆಗೆ ಬಂದಾಗ ಮೊದಲಿನ ಸಂತೋಷವಿಲ್ಲ, ಬರೀ ದಣಿವು. ಕೆಲಸ ಬಿಡಬೇಕೇ, ಕಲೆ ಬಿಡಬೇಕೇ?

ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡು ಸಲವೂ ಒಂದೇ ಕಡೆ ನಿಂತೆ. ವರ್ಷಕ್ಕೆ 40ಕ್ಕೂ ಹೆಚ್ಚು ವೇಷ, ಆದರೂ ಸಂತೋಷವಿಲ್ಲ. ಕೆಲಸ ಬಿಡುವ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಒಂದು ಲೆಕ್ಕ ಹಾಕಿ ನೋಡಿ. ಆ 40ರಲ್ಲಿ ನೀವು ಹಿಂದೆಂದೂ ಮಾಡದ ಪಾತ್ರಗಳು ಎಷ್ಟು? ಆಟಕ್ಕೆ (ಪ್ರದರ್ಶನಕ್ಕೆ) ಮುಂಚೆ ಪ್ರಸಂಗದ, ಅಂದರೆ ಆಡುವ ಕಥೆಯ, ಪದ್ಯಗಳನ್ನು ಮೊದಲಿನಿಂದ ಕೊನೆಯವರೆಗೆ ಕುಳಿತು ಓದಿದ್ದು ಎಷ್ಟು ಸಲ? ಚೌಕಿಯಲ್ಲಿ (ವೇಷ ಕಟ್ಟುವ ಕೋಣೆಯಲ್ಲಿ) ಬಣ್ಣ ಹಚ್ಚಿಕೊಳ್ಳುತ್ತಾ ಆಡಿದ ಎರಡು ಮಾತು ಬಿಟ್ಟರೆ, ಪದ್ಯ ಹಾಡುವ ಭಾಗವತರ ಹತ್ತಿರ ಕುಳಿತು ಪದ್ಯದ ನಡೆಯ ಬಗ್ಗೆ ಮಾತಾಡಿದ್ದು ಎಷ್ಟು ಸಲ?

ಅಭಿಮನ್ಯು, ಬಭ್ರುವಾಹನ, ಸುಧನ್ವ, ಮತ್ತೆ ಅಭಿಮನ್ಯು ಎಂದು ನಾಲ್ಕೈದು ವೇಷಗಳ ಸುತ್ತಲೇ ನೀವು ತಿರುಗುತ್ತಿದ್ದೀರಿ ಎಂದು ನನ್ನ ಊಹೆ. ಸಂಘದವರು ಕರೆಯುತ್ತಾರೆ, ಇಲ್ಲ ಎನ್ನಲು ಮನಸ್ಸಾಗುವುದಿಲ್ಲ, ಬ್ಯಾಂಕಿನಿಂದ ಓಡಿಹೋಗಿ ಬಣ್ಣ ಹಚ್ಚಿ, ಹತ್ತು ವರ್ಷದ ಹಿಂದೆ ಕಲಿತ ಮಾತನ್ನೇ ಹೇಳಿ, ಧಿಂಗಿಣ (ಗಿರಗಿರನೆ ಸುತ್ತುವ ಕುಣಿತ) ಹಾಕಿ ಚಪ್ಪಾಳೆ ಪಡೆದು ಬರುತ್ತೀರಿ. ಕೆಲಸದಲ್ಲಿರುವ ಹವ್ಯಾಸಿ ಕಲಾವಿದರಲ್ಲಿ ಇದನ್ನು ಮತ್ತೆ ಮತ್ತೆ ನೋಡಿದ್ದೇನೆ, ನಾನೇ ಅನುಭವಿಸಿಯೂ ಇದ್ದೇನೆ. ನಮಗೆ ಸಿಗುವ ಬಿಡುವೆಲ್ಲ ಪ್ರದರ್ಶನಕ್ಕೆ ಹೋಗಿಬಿಡುತ್ತದೆ, ಅಭ್ಯಾಸಕ್ಕೆ ಏನೂ ಉಳಿಯುವುದಿಲ್ಲ. ಬೀಜದ ಭತ್ತವನ್ನೂ ಕುಟ್ಟಿ ಅನ್ನ ಮಾಡಿದ ಹಾಗೆ. ಉದ್ಯೋಗ ನಿಮ್ಮ ಕಲೆಯನ್ನು ತಿನ್ನುತ್ತಿದೆ ಎಂದು ನೀವು ತಿಳಿದಿದ್ದೀರಿ. ನನಗೆ ಕಾಣುವಂತೆ ಅದನ್ನು ತಿನ್ನುತ್ತಿರುವುದು ನೀವು ಒಪ್ಪಿಕೊಳ್ಳುತ್ತಿರುವ ಆಟಗಳು.

ನನ್ನ ಪರಿಚಯವನ್ನು ಎರಡು ಸಾಲಿನಲ್ಲಿ ಹೇಳಿಬಿಡುತ್ತೇನೆ. ಕೇಂದ್ರ ಸರ್ಕಾರದ ಇಲಾಖೆಯೊಂದರಲ್ಲಿ 34 ವರ್ಷ ದುಡಿದು ನಿವೃತ್ತನಾದವನು. ಮೊದಲ ಹನ್ನೆರಡು ವರ್ಷ ವೇಷ ಮಾಡಿದೆ, ಆಮೇಲೆ ಇಂದಿನವರೆಗೂ ತಾಳಮದ್ದಳೆಯಲ್ಲಿ, ಅಂದರೆ ವೇಷವಿಲ್ಲದೆ ಕುಳಿತು ನಡೆಸುವ ಕೂಟದಲ್ಲಿ, ಅರ್ಥ (ಪಾತ್ರದ ಮಾತು) ಹೇಳುತ್ತಿದ್ದೇನೆ. ನಿಮ್ಮ ವಯಸ್ಸಿನಲ್ಲಿ ನಾನೂ ನಗದು ಕೌಂಟರಿನಲ್ಲಿದ್ದೆ.

ಆಗ ನಡೆದದ್ದನ್ನು ಹೇಳಲೇಬೇಕು. ಡಿಸೆಂಬರಿನ ಒಂದು ರಾತ್ರಿ ಇಡೀ ಆಟ. ಬೆಳಗ್ಗೆ ಆರಕ್ಕೆ ಬಣ್ಣ ತೆಗೆದು, ಬಸ್ಸಿನಲ್ಲಿ ತೂಕಡಿಸಿ, ಹತ್ತಕ್ಕೆ ಕೌಂಟರಿನಲ್ಲಿ ಕುಳಿತೆ. ತೆಂಗಿನೆಣ್ಣೆ ಹಾಕಿ ಎಷ್ಟು ಒರೆಸಿದರೂ ಕಿವಿಯ ಹಿಂದೆ ಬಣ್ಣ ಉಳಿದೇ ಇರುತ್ತದೆ, ನಿಮಗೂ ಗೊತ್ತು. ಸರದಿಯಲ್ಲಿದ್ದ ಹಿರಿಯರೊಬ್ಬರು ಅದನ್ನು ನೋಡಿ, ನಿನ್ನೆ ಯಾವ ವೇಷ ಎಂದು ಅಕ್ಕರೆಯಿಂದ ಕೇಳಿದ್ದು ನೆನಪಿದೆ. ಸಂಜೆ ಲೆಕ್ಕ ಕೂಡಿಸುವಾಗ 5,000 ರೂಪಾಯಿ ಕಡಿಮೆ. ಐವತ್ತರ ನೋಟಿನ ಕಟ್ಟು ಕೊಡಬೇಕಾದಲ್ಲಿ ನೂರರ ಕಟ್ಟು ಕೊಟ್ಟಿದ್ದೆ. ನನ್ನ ಅಂದಿನ ತಿಂಗಳ ಸಂಬಳ ಅದಕ್ಕಿಂತ ಕಡಿಮೆ. ಯಾರಿಗೆ ಕೊಟ್ಟೆ ಎಂದು ನೆನಪಿಸಿಕೊಳ್ಳಲು ಇಡೀ ರಾತ್ರಿ ಕುಳಿತೆ. ಒಂದು ಮುಖವೂ ನೆನಪಿಗೆ ಬರಲಿಲ್ಲ. ಸಹಕಾರಿ ಸಂಘದಿಂದ ಸಾಲ ತೆಗೆದು ಹಣ ತುಂಬಿದೆ, ಕಂತು ಕಟ್ಟಿ ತೀರಿಸಲು ಒಂದೂವರೆ ವರ್ಷ ಹಿಡಿಯಿತು. ತಪ್ಪು ಪೂರ್ತಿ ನನ್ನದೇ. ಅಂದಿನಿಂದ ಮರುದಿನ ಕೆಲಸವಿರುವ ರಾತ್ರಿ ಹನ್ನೊಂದರ ಆಚೆಗೆ ಯಾವ ವೇದಿಕೆಯಲ್ಲೂ ಕುಳಿತವನಲ್ಲ.

ನಿಮಗೆ ನಮಗಿಲ್ಲದ ಒಂದು ಅನುಕೂಲವಿದೆ. 2015ರ ಸೆಪ್ಟೆಂಬರಿನಿಂದ ಬ್ಯಾಂಕುಗಳಿಗೆ ಎರಡನೆಯ ಮತ್ತು ನಾಲ್ಕನೆಯ ಶನಿವಾರ ರಜೆ. ಆ ಎರಡು ವಾರಗಳಲ್ಲಿ ಶುಕ್ರವಾರ, ಶನಿವಾರ ಎರಡೂ ರಾತ್ರಿ ನಿದ್ದೆಗೆಟ್ಟರೂ ಮರುದಿನ ಮಲಗಬಹುದು. ಆದರೂ ತಿಂಗಳಿಗೆ ಎರಡಕ್ಕಿಂತ ಹೆಚ್ಚು ಇಡೀ ರಾತ್ರಿಯ ಆಟ ಒಪ್ಪಬೇಡಿ. ಉಳಿದದ್ದು ಕಾಲಮಿತಿಯ ಪ್ರದರ್ಶನಗಳಿರಲಿ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಬಳಸಬಾರದೆನ್ನುವ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ಬಿಗಿಯಾದಷ್ಟೂ ಸಂಜೆ ಶುರುವಾಗಿ ಊಟದ ಹೊತ್ತಿಗೆ ಮುಗಿಯುವ ಆಟಗಳು ಹೆಚ್ಚಾಗಿವೆ. ಇಡೀ ರಾತ್ರಿಯ ಆಟದಲ್ಲಿ ಕಥೆ ನಿಧಾನವಾಗಿ ಕಾವು ಏರುವ ಸೊಗಸು ಕಾಲಮಿತಿಯಲ್ಲಿ ಸಿಗದು ಎಂಬ ಕೊರಗು ನನಗೂ ಇದೆ. ಆದರೆ ಕೆಲಸಕ್ಕೆ ಹೋಗುವ ಕಲಾವಿದನಿಗೆ, ಕೆಲಸಕ್ಕೆ ಹೋಗುವ ಪ್ರೇಕ್ಷಕನಿಗೆ ಇದರಿಂದ ಉಪಕಾರವಾಗಿದೆ ಎಂಬುದನ್ನೂ ಒಪ್ಪಬೇಕು.

ಒಟ್ಟಿನಲ್ಲಿ ಮುಂದಿನ ವರ್ಷಕ್ಕೆ 18 ವೇಷ ಸಾಕು. ಉಳಿದ ರಾತ್ರಿಗಳು ಅಭ್ಯಾಸಕ್ಕೆ ಬೇಕು.

ಬಿ.ಸಿ.ರೋಡಿನಿಂದ ಮಂಗಳೂರಿಗೆ ಸುಮಾರು 25 ಕಿಲೋಮೀಟರ್, ಬಸ್ಸಿನಲ್ಲಿ ಒಂದು ಗಂಟೆ. ಹೋಗಿಬರುವಾಗ ದಿನಕ್ಕೆ ಎರಡು ಗಂಟೆ ನಿಮ್ಮ ಕೈಯಲ್ಲಿದೆ. ನಾನು ಮಾಡುತ್ತಿದ್ದುದು ಇಷ್ಟೇ. ಅಂಗಿಯ ಜೇಬಿಗೆ ಹಿಡಿಯುವ ಪುಸ್ತಕದಲ್ಲಿ ವಾರಕ್ಕೆ ಒಂದೇ ಪದ್ಯ ಬರೆದುಕೊಳ್ಳುತ್ತಿದ್ದೆ. ಕೈಯಿಂದಲೇ ಬರೆಯಬೇಕು, ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಂಡ ಪದ್ಯ ಅಲ್ಲೇ ಉಳಿಯುತ್ತದೆ. ಪದ್ಯದ ರಾಗ, ತಾಳ ಬರೆದು, ಈ ಪದ್ಯ ಯಾರು ಯಾರಿಗೆ ಹೇಳುವುದು, ಇದಕ್ಕೆ ಒಂದು ಗಳಿಗೆ ಮುಂಚೆ ಏನಾಯಿತು, ಈ ಪಾತ್ರಕ್ಕೆ ಇನ್ನೂ ತಿಳಿಯದೆ ಇರುವುದೇನು ಎಂದು ಕೇಳಿಕೊಳ್ಳುತ್ತಿದ್ದೆ. ವಾರವಿಡೀ ಅದೇ ಪದ್ಯ.

ನೀವು ಮಾಡುವ ಸುಧನ್ವನನ್ನೇ ತೆಗೆದುಕೊಳ್ಳಿ. ಚಂಪಕಾಪುರದ ಹಂಸಧ್ವಜನ ಮಗ ಯುದ್ಧಕ್ಕೆ ತಡವಾಗಿ ಬಂದ. ತಡವಾದವರಿಗೆ ಕುದಿಯುವ ಎಣ್ಣೆಯ ಕೊಪ್ಪರಿಗೆ ಎಂದು ಅಪ್ಪನೇ ಸಾರಿದ್ದಾನೆ. ತಡವಾಗಲು ಕಾರಣ ಮನೆಯಲ್ಲಿ ಹೆಂಡತಿ ಪ್ರಭಾವತಿಯ ಬೇಡಿಕೆ. ಅಪ್ಪ ಕಾರಣ ಕೇಳಿದಾಗ ಸುಧನ್ವ ಹೆಂಡತಿಯ ಕಡೆ ಬೆರಳು ತೋರಿಸುತ್ತಾನೆಯೇ, ತಾನೇ ಹೊರುತ್ತಾನೆಯೇ? ಹೊರುವುದಾದರೆ ನಾಚಿಕೆಯಿಂದಲೇ, ದಿಟ್ಟತನದಿಂದಲೇ? ಆಜ್ಞೆ ತಪ್ಪಿದೆ ಎನ್ನುತ್ತಾನೆಯೇ, ಇನ್ನೊಂದು ಧರ್ಮವನ್ನು ಪಾಲಿಸಿ ಬಂದೆ ಎನ್ನುತ್ತಾನೆಯೇ? ನೀವು ಯಾವುದನ್ನು ಆರಿಸುತ್ತೀರೋ ಅದರ ಮೇಲೆ ಮುಂದೆ ಅರ್ಜುನನ ಎದುರು ನಿಲ್ಲುವ ಸುಧನ್ವನ ನಿಲುವು, ಹೆಜ್ಜೆಯ ತೂಕ, ಮಾತಿನ ವೇಗ ಎಲ್ಲವೂ ಬದಲಾಗುತ್ತದೆ. ಈ ಒಂದು ಪ್ರಶ್ನೆಗೆ ನನಗೆ ಒಂದು ತಿಂಗಳ ಬಸ್ ಪ್ರಯಾಣ ಬೇಕಾಯಿತು. ಉತ್ತರ ಹೊಳೆದ ದಿನ ಇಳಿಯಬೇಕಾದ ನಿಲ್ದಾಣ ದಾಟಿ ಮುಂದೆ ಹೋಗಿದ್ದೆ. ಅದೇ ವೇಷವನ್ನು ಅದರ ಹಿಂದೆ ಒಂಬತ್ತು ಸಲ ಮಾಡಿದ್ದೆ. ಹತ್ತನೆಯ ಸಲ ಮೊದಲ ಬಾರಿ ಮಾಡಿದಂತಾಯಿತು. ನೀವು ಕಳೆದುಕೊಂಡೆ ಎನ್ನುತ್ತಿರುವ ಸಂತೋಷ ನನಗೆ ಸಿಕ್ಕಿದ್ದು ಹಾಗೆ, ಒಂದು ಖಾಸಗಿ ಬಸ್ಸಿನ ಕಿಟಕಿಯ ಪಕ್ಕದ ಸೀಟಿನಲ್ಲಿ.

ಹೆಜ್ಜೆಗೂ ಹೊತ್ತು ಬೇಕು. ಬೆಳಗ್ಗೆ ಅರ್ಧ ಗಂಟೆ, ಗೆಜ್ಜೆಯಿಲ್ಲದೆ, ಬಾಯಿತಾಳ ಹೇಳಿಕೊಂಡು, ನಿಧಾನ ಕಾಲದಲ್ಲಿ. ವೇಗದಲ್ಲಿ ತಪ್ಪು ಅಡಗುತ್ತದೆ, ನಿಧಾನದಲ್ಲಿ ಎದ್ದು ಕಾಣುತ್ತದೆ. ಧಿಂಗಿಣದ ಸಂಖ್ಯೆಯನ್ನು ಈಗಲೇ ತಗ್ಗಿಸಿ ಎಂಬುದು ನನ್ನ ಕಳಕಳಿಯ ಮಾತು. ಚಪ್ಪಾಳೆಗಾಗಿ ಹಾಕುವ ಕೊನೆಯ ಹತ್ತು ಸುತ್ತಿನ ಬೆಲೆಯನ್ನು ಮುಂದೆ ಮಂಡಿ ಕೊಡುತ್ತದೆ. ನಾನು ವೇಷ ನಿಲ್ಲಿಸಿದ್ದು ಬೇಸರದಿಂದಲ್ಲ, ಬಲಮಂಡಿಯಿಂದ.

ಮಳೆಗಾಲದಲ್ಲಿ ತಾಳಮದ್ದಳೆಗೆ ಬನ್ನಿ. ಮೇ ಕೊನೆಯ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲೆ ನಮ್ಮ ಊರುಗಳಲ್ಲಿ ಕೂಟಗಳು ಶುರುವಾಗುತ್ತವೆ. ವೇಷವಿಲ್ಲ, ಕುಣಿತವಿಲ್ಲ, ಮೂರು ಗಂಟೆಯಲ್ಲಿ ಮುಗಿಯುತ್ತದೆ, ಹತ್ತಕ್ಕೆ ಮನೆಯಲ್ಲಿರಬಹುದು. ಕೈಗೆ ಆಯುಧವಾಗಲಿ ಕಾಲಿಗೆ ಗೆಜ್ಜೆಯಾಗಲಿ ಇಲ್ಲದಾಗ ಪುಂಡುವೇಷಧಾರಿಗೆ ತನ್ನ ಮಾತು ಎಷ್ಟು ತೆಳುವಾಗಿದೆ ಎಂದು ತಿಳಿಯುತ್ತದೆ. ಎದುರಿನ ಅರ್ಥಧಾರಿ ಅನಿರೀಕ್ಷಿತವಾಗಿ ಒಂದು ಪ್ರಶ್ನೆ ಎಸೆದರೆ ಕಂಠಪಾಠ ಮಾಡಿದ ಅರ್ಥ ಕೈಗೆ ಬರುವುದಿಲ್ಲ. ಪ್ರಸಂಗವನ್ನೂ ಪುರಾಣವನ್ನೂ ಓದಿದವನಷ್ಟೇ ಉಳಿಯುತ್ತಾನೆ. ಈ ಕಲೆಯನ್ನು ಎತ್ತರಕ್ಕೆ ಒಯ್ದವರಲ್ಲಿ ಎಷ್ಟೋ ಮಂದಿ ಬೇರೆ ದುಡಿಮೆಯಿಂದ ಬದುಕಿದವರು. ದೇರಾಜೆ ಸೀತಾರಾಮಯ್ಯನವರು ಕೃಷಿಕರು. ಪ್ರಭಾಕರ ಜೋಶಿಯವರು ಮಂಗಳೂರಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸುತ್ತಲೇ ಅರ್ಥ ಹೇಳಿದರು, ಯಕ್ಷಗಾನದ ವಿಮರ್ಶೆಯನ್ನೂ ಬರೆದರು. ಶಾಲೆಯ ಮಾಸ್ತರರಂತೂ ಲೆಕ್ಕವಿಲ್ಲದಷ್ಟು. ಬೇರೆ ಕೆಲಸವಿದ್ದುದರಿಂದ ಇವರು ಅರೆಕಲಾವಿದರಾಗಲಿಲ್ಲ. ತೋಟದಲ್ಲಿ, ತರಗತಿಯಲ್ಲಿ ಕಂಡ ಲೋಕ ಅವರ ಅರ್ಥಕ್ಕೆ ಬಂತು. ನಿಮ್ಮ ಕೌಂಟರಿನ ಮುಂದೆ ದಿನಕ್ಕೆ ನೂರು ಜನ ನಿಲ್ಲುತ್ತಾರೆ: ಬೆಳೆಸಾಲದವರು, ಮಗನ ಹಣಕ್ಕೆ ಕಾಯುವ ತಾಯಂದಿರು, ಸಿಟ್ಟಿನವರು. ಅವರು ಮಾತಾಡುವ ರೀತಿಯನ್ನು ಕೇಳಿಸಿಕೊಳ್ಳಿ.

ಈಗ ಮೇಳದ ಮಾತು. ಮೇಳ ಕೊಡುವುದನ್ನು ಹವ್ಯಾಸಿ ಸಂಘ ಕೊಡಲಾರದು. ನವೆಂಬರಿನಿಂದ ಮೇ ಕೊನೆಯವರೆಗೆ ಹೆಚ್ಚುಕಡಿಮೆ ದಿನವೂ ಆಟ. ಒಂದು ತಿರುಗಾಟದಲ್ಲಿ ಸುಮಾರು 180 ರಾತ್ರಿ. ನಿಮ್ಮ ನಾಲ್ಕು ವರ್ಷಗಳ ವೇಷ ಅಲ್ಲಿ ಒಂದೇ ವರ್ಷದಲ್ಲಿ ಆಗುತ್ತದೆ. ಅದೇ ಭಾಗವತರು, ಅದೇ ಚೆಂಡೆ ಮದ್ದಳೆ, ಅದೇ ಎದುರುವೇಷ, ದಿನದ ಮೇಲೆ ದಿನ. ಈ ಆಸೆ ನಿಮ್ಮನ್ನು ಕರೆಯುತ್ತಿರುವುದು ಸಹಜ.

ಆದರೆ ಅಲ್ಲಿ ಬೆಳೆದವರು ಹದಿನೈದರ ಪ್ರಾಯದಲ್ಲಿ ಕೋಡಂಗಿ, ಬಾಲಗೋಪಾಲರಂತಹ ಚಿಕ್ಕ ವೇಷಗಳಿಂದ ಶುರುಮಾಡಿ, ಪರದೆಯ ಬದಿಯಲ್ಲಿ ನಿಂತು ಪ್ರತಿ ಪ್ರಸಂಗವನ್ನು ನೂರಾರು ಸಲ ನೋಡಿದವರು. ನೀವು 34ಕ್ಕೆ ಹೋಗುತ್ತೀರಿ, ಅದೂ ಮೈಯನ್ನು ಅತಿ ಹೆಚ್ಚು ದಂಡಿಸುವ ಪುಂಡುವೇಷಕ್ಕೆ. ಇನ್ನು ಹತ್ತು ವರ್ಷಕ್ಕೆ ನೀವು ಕಿರೀಟವೇಷಕ್ಕೆ (ರಾಜರ ಪಾತ್ರಗಳಿಗೆ) ಬದಲಾಗಬೇಕು, ಅಲ್ಲಿ ಆಗಲೇ ಸರದಿಯಿದೆ. ಸಂಬಳ ತಿರುಗಾಟದ ತಿಂಗಳುಗಳಿಗೆ. ಮಳೆಗಾಲಕ್ಕೆ ಬೇರೆ ದಾರಿ ನೋಡಿಕೊಳ್ಳಬೇಕು. ಮಳೆಗಾಲದ ಖರ್ಚಿಗೆ ಯಜಮಾನರಿಂದ ಮುಂಗಡ ಪಡೆದು ಮುಂದಿನ ತಿರುಗಾಟವನ್ನು ಮೊದಲೇ ಒತ್ತೆಯಿಟ್ಟ ಕಲಾವಿದರನ್ನು ನಾನು ಹತ್ತಿರದಿಂದ ಬಲ್ಲೆ. ಇಂದು ಪರಿಸ್ಥಿತಿ ಸುಧಾರಿಸಿದೆ. ಉಡುಪಿಯ ಯಕ್ಷಗಾನ ಕಲಾರಂಗದಂತಹ ಸಂಸ್ಥೆಗಳು ಕಲಾವಿದರ ಕಷ್ಟಕ್ಕೆ ನಿಲ್ಲುತ್ತಿವೆ. ಅಂತಹ ಸಂಸ್ಥೆಗಳ ಅಗತ್ಯ ಬಿದ್ದಿದೆ ಎಂಬುದೇ ಆ ಬದುಕಿನ ಅಭದ್ರತೆಯನ್ನು ಹೇಳುತ್ತದೆ. 2010ರ ಏಪ್ರಿಲ್ ನಂತರ ಬ್ಯಾಂಕಿಗೆ ಸೇರಿದ ನಿಮಗೆ ಇರುವುದು ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ. ಹತ್ತು ವರ್ಷಕ್ಕೆ ಬಿಟ್ಟರೆ ಅದರಲ್ಲಿ ಕೂಡಿದ್ದು ಸ್ವಲ್ಪವೇ.

ಹಾಗಾಗಿ ರಾಜೀನಾಮೆ ಬೇಡ ಎನ್ನುತ್ತೇನೆ. ಆದರೆ ನನ್ನ ಮಾತಿನ ಮೇಲೆ ಮಾತ್ರ ನಿರ್ಧರಿಸಬೇಡಿ. ಈ ತಿರುಗಾಟದಲ್ಲಿ ಹತ್ತು ದಿನ ರಜೆ ಹಾಕಿ ಆ ಮೇಳದ ಜೊತೆ ಹೋಗಿ. ವೇಷ ಕೇಳಬೇಡಿ, ಜೊತೆಗೆ ಇರಿ. ಬೆಳಗಿನ ಜಾವ ಬಣ್ಣ ತೆಗೆದವರು ಎಲ್ಲಿ ಮಲಗುತ್ತಾರೆ, ಮಧ್ಯಾಹ್ನ ಎದ್ದು ಏನು ತಿನ್ನುತ್ತಾರೆ, ಜ್ವರ ಬಂದವನು ಆ ರಾತ್ರಿ ಏನು ಮಾಡುತ್ತಾನೆ, ಮಗುವಿನ ಹುಟ್ಟುಹಬ್ಬದ ದಿನ ಮನೆಗೆ ಹೇಗೆ ಫೋನ್ ಮಾಡುತ್ತಾನೆ, ನೋಡಿ. ಐವತ್ತು ದಾಟಿದ ಕಲಾವಿದರೊಬ್ಬರ ಪಕ್ಕದಲ್ಲಿ ಕುಳಿತು ಅವರ ಮನೆಯ ಲೆಕ್ಕ ಕೇಳಿ. ಗೌರವದಿಂದ ಕೇಳಿದರೆ ಹೇಳುತ್ತಾರೆ. ಹನ್ನೊಂದನೆಯ ದಿನವೂ ಆಸೆ ಹಾಗೆಯೇ ಇದ್ದರೆ ನನಗೆ ಮತ್ತೆ ಬರೆಯಿರಿ, ಆಗ ಬೇರೆ ಮಾತಾಡೋಣ.

ಅತಿಥಿಯಾಗಿ ಕೆಲವು ರಾತ್ರಿ ವೇಷ ಮಾಡಿ ಎಂದು ಯಜಮಾನರು ಹೇಳಿದರೆ ಬ್ಯಾಂಕಿನಿಂದ ಮೊದಲೇ ಲಿಖಿತ ಅನುಮತಿ ತೆಗೆದುಕೊಳ್ಳಿ. ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳಲ್ಲಿ, ಕರ್ತವ್ಯಕ್ಕೆ ಕುಂದು ಬಾರದಿದ್ದರೆ ಸಾಂದರ್ಭಿಕವಾದ ಕಲೆ, ಸಾಹಿತ್ಯದ ಕೆಲಸಕ್ಕೆ ಮುಂಚಿತ ಅನುಮತಿ ಬೇಡ ಎಂದಿದೆ. ನಾನು ಅದರ ನೆರಳಿನಲ್ಲಿದ್ದೆ. ನಿಮ್ಮದು ಬೇರೆ. ಬ್ಯಾಂಕ್ ಗುಮಾಸ್ತರ ಸೇವಾ ಒಪ್ಪಂದದಲ್ಲಿ ಲಿಖಿತ ಅನುಮತಿಯಿಲ್ಲದೆ ಹೊರಗಿನ ವ್ಯಾಪಾರ ವ್ಯವಹಾರದಲ್ಲಿ ತೊಡಗುವುದು ಗಂಭೀರ ದುರ್ನಡತೆ. ಸಂಭಾವನೆಯನ್ನು ಆದಾಯ ತೆರಿಗೆ ವಿವರದಲ್ಲಿ ತೋರಿಸಿ, ಸಣ್ಣ ಮೊತ್ತವಾದರೂ.

ಸಂಭಾವನೆಯ ಮಾತು ಬಂದದ್ದರಿಂದ ಒಂದು ವಿಷಯ. ಸಂಬಳವಿರುವ ನಾವು, ನನಗೇನೂ ಬೇಡ ಎಂದು ಉದಾರವಾಗಿ ಹೇಳುತ್ತೇವೆ. ಹಾಗೆ ಹೇಳಿದಾಗ ಸಂಘದವರು ಹಿಮ್ಮೇಳದವರಿಗೆ ಕೊಡುವುದನ್ನೂ ತಗ್ಗಿಸುತ್ತಾರೆ. ಚೆಂಡೆ ಬಾರಿಸುವವನಿಗೆ ಅದೇ ಅನ್ನ. ನೀವು ಬಿಡುವುದಾದರೆ ಬಿಡಿ, ಆದರೆ ಹಿಮ್ಮೇಳಕ್ಕೂ ಪ್ರಸಾಧನದವರಿಗೂ ಪೂರ್ತಿ ಸಂದಿದೆಯೇ ಎಂದು ವಿಚಾರಿಸಿಯೇ ಗೆಜ್ಜೆ ಕಟ್ಟಿ. ಇದರಲ್ಲಿ ನನಗೆ ರಾಜಿಯಿಲ್ಲ.

ಬಡ್ತಿಯ ವಿಷಯದಲ್ಲಿ ನನ್ನ ಅಭಿಪ್ರಾಯ ನಿಮ್ಮ ಮ್ಯಾನೇಜರರಿಗೆ ಹಿಡಿಸಲಾರದು. ಅಧಿಕಾರಿಯಾದವರನ್ನು ದೇಶದ ಯಾವ ಮೂಲೆಗೂ ಕಳುಹಿಸಬಹುದು. ಮುಂಬೈ, ಬೆಂಗಳೂರಾದರೆ ಅಲ್ಲಿಯೂ ಯಕ್ಷಗಾನದ ಬಳಗಗಳಿವೆ. ಬೇರೆಡೆಯಾದರೆ ವರ್ಷಗಟ್ಟಲೆ ಚೆಂಡೆಯ ಸದ್ದೇ ಇಲ್ಲ. ನಾನು ಎರಡು ಸಲ ಬಡ್ತಿ ಬಿಟ್ಟೆ. ಅದರ ನಷ್ಟ ಇಂದಿಗೂ ಪ್ರತಿ ತಿಂಗಳ ಪಿಂಚಣಿಯಲ್ಲಿ ಕಾಣುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ನನ್ನ ಕಿರಿಯರು ನನ್ನ ಮೇಲಧಿಕಾರಿಗಳಾಗಿ ಬಂದರು. ಆದರೆ ಪ್ರತಿ ಶನಿವಾರ ಸಂಜೆ ನನ್ನ ಊರಿನ ದೇವಸ್ಥಾನದ ಅಂಗಣದಲ್ಲಿ ನನಗೊಂದು ಜಾಗವಿತ್ತು. ಮುಂದಿನ ಇಪ್ಪತ್ತೈದು ವರ್ಷಗಳಲ್ಲಿ ಸಂಬಳದ ವ್ಯತ್ಯಾಸ ಎಷ್ಟಾಗುತ್ತದೆ ಎಂದು ಕಾಗದದ ಮೇಲೆ ಬರೆದು, ಆ ಕಾಗದವನ್ನು ಹೆಂಡತಿಯ ಮುಂದಿಟ್ಟು ಇಬ್ಬರೂ ಕೂಡಿ ತೀರ್ಮಾನಿಸಿ. ಬಿಡುವುದೆಂದಾದರೆ ಆಮೇಲೆ ಯಾರ ಮುಂದೆಯೂ ಅದನ್ನು ತ್ಯಾಗವೆಂದು ಹೇಳಿಕೊಳ್ಳಬೇಡಿ.

ಹೆಂಡತಿ ಏನೂ ಹೇಳುವುದಿಲ್ಲ ಎಂದಿದ್ದೀರಿ. ನನ್ನ ಮನೆಯಲ್ಲೂ ಕೆಲವು ವರ್ಷ ಹಾಗೆಯೇ ಇತ್ತು. ಒಂದು ದಿನ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಸೀಸದ ಕಡ್ಡಿಯ ಸಣ್ಣ ಗುರುತುಗಳು ಕಂಡವು. ಹಾಲಿನ ಲೆಕ್ಕವೆಂದುಕೊಂಡೆ. ನಾನು ರಾತ್ರಿ ಮನೆಯಲ್ಲಿ ಇಲ್ಲದ ದಿನಗಳವು. ಆ ತಿಂಗಳು ಹದಿಮೂರು ಇದ್ದವು. ಜಗಳವಾಗಲಿಲ್ಲ. ಮುಂದಿನ ತಿಂಗಳಿನಿಂದ ಕ್ಯಾಲೆಂಡರ್ ಮೊದಲು ಅವಳ ಕೈಗೆ ಹೋಯಿತು. ಅವಳು ಬೇಡವೆಂದ ದಿನಗಳಿಗೆ ಗೆರೆ ಎಳೆದು ಕೊಟ್ಟ ಮೇಲೆಯೇ ನಾನು ಸಂಘದವರಿಗೆ ಒಪ್ಪಿಗೆ ಹೇಳುತ್ತಿದ್ದೆ. ಅವಳು ಗೆರೆ ಎಳೆದದ್ದು ನಾನು ಹೆದರಿದ್ದಕ್ಕಿಂತ ಬಹಳ ಕಡಿಮೆ. ವರ್ಷ ಕಳೆದ ಮೇಲೆ ಅವಳೇ ಮಕ್ಕಳನ್ನು ಕರೆದುಕೊಂಡು ಕೂಟಕ್ಕೆ ಬರತೊಡಗಿದಳು. ನಿಮ್ಮ ಮಗಳಿಗೆ ಆರು ವರ್ಷ. ಬೆಳಗಿನ ಆ ಅರ್ಧ ಗಂಟೆ ಅವಳೂ ಅಂಗಳದಲ್ಲಿ ಜೊತೆಗೆ ಕುಣಿಯಲಿ.

ಹೆಜ್ಜೆ ಕಲಿಸಿದ ಗುರುಗಳು ಊರಿನಲ್ಲೇ ಇದ್ದರೆ, ಬರುವ ನಾಲ್ಕನೆಯ ಶನಿವಾರ ಯಾವ ಆಟವನ್ನೂ ಒಪ್ಪಿಕೊಳ್ಳಬೇಡಿ. ಬೆಳಗ್ಗೆ ಜೇಬಿನ ಪುಸ್ತಕದಲ್ಲಿ ಸುಧನ್ವನ ಒಂದು ಪದ್ಯ ಬರೆದುಕೊಂಡು ಅವರ ಜಗಲಿಗೆ ಹೋಗಿ, ಅವನು ಅಪ್ಪನಿಗೆ ಏನು ಹೇಳಿದ್ದಾನು ಎಂದು ಕೇಳಿ.